ಅಳಿಯನ ವಾಚು ಮತ್ತು ಬಂಕಾಪುರದ ಅಕ್ಕಾರು

ಬಂಕಾಪುರದಲ್ಲಿ ಹಾನಗಲ್ಲ ಕಡೆಯ ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಸಣ್ಣ ಅಂಗಡಿ ಇದೆ. ಈಗ ಅದರ ತುಂಬ ಮೊಬೈಲಿನ ಕವರು ತೂಗುಹಾಕಿದ್ದಾರೆ. ಕಳೆದ ಶ್ರಾವಣದವರೆಗೆ ಅಲ್ಲಿ ಒಬ್ಬ ಹೆಂಗಸು ಕೂತು ವಾಚು ರಿಪೇರಿ ಮಾಡುತ್ತಿದ್ದರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ನಿಂತ ವಾಚು ಇದ್ದವರೆಲ್ಲ ಒಂದಲ್ಲ ಒಂದು ದಿನ ಅವರ ಮುಂದಿನ ಸ್ಟೂಲಿನ ಮೇಲೆ ಕೂತವರೇ. ಅವರ ಹೆಸರು ನಾನು ಬರೆಯುವುದಿಲ್ಲ. ಅಂಗಡಿಗೆ ಬೋರ್ಡನ್ನೇ ಹಾಕಿಸದವರು ಅವರು. ಕೇಳಿದರೆ "ವಾಚು ಕೆಟ್ಟಾವರಿಗೆ ದಾರಿ ಗೊತ್ತಿರ್ತೈತ್ರಿ" ಅನ್ನುತ್ತಿದ್ದರು. ನಮಗೆಲ್ಲ ಅವರು ವಾಚಿನ ಅಕ್ಕಾರು, ಅಷ್ಟೇ.

ಇಳಕಲ್ ಸೀರೆ, ಸೊಂಟಕ್ಕೆ ಬಿಗಿದ ಸೆರಗು, ಬಲಗಣ್ಣಿಗೆ ಕರಿ ಭೂತಗನ್ನಡಿ. ಅಂಗಡಿಯಲ್ಲಿ ಫ್ಯಾನ್ ಇರಲಿಲ್ಲ. ಬೇಸಿಗೆಯಲ್ಲಿ ನಾವು ಬೆವರು ಒರೆಸಿಕೊಳ್ಳುತ್ತ ಗೊಣಗಿದರೆ, "ಫ್ಯಾನ್ ಹಾಕಿದ್ರ ನಿಮ್ಮ ವಾಚಿನ ಸ್ಕ್ರೂ ಸವಣೂರಿಗೆ ಹಾರಿ ಹೋಗ್ತಾವು. ಆಮ್ಯಾಲ ನೀವ ಹೋಗಿ ಹುಡುಕ್ಕೊಂಡು ಬರ್ರಿ" ಎಂದು ತಲೆ ಎತ್ತದೆ ಹೇಳುವರು. ವಾಚನ್ನು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಗೆ ಹಿಡಿಯುತ್ತಿದ್ದರು. ಕೋಟೆಯ ಕಡೆಯಿಂದ ನವಿಲು ಕೂಗಿತೆಂದರೆ ಕೈಯಲ್ಲಿನ ಕೆಲಸ ನಿಲ್ಲಿಸಿ, ಬಿಚ್ಚಿಟ್ಟ ವಾಚಿನ ಮೇಲೆ ಗಾಜಿನ ಲೋಟ ಬೋರಲು ಹಾಕಿ, ಅದು ಕೂಗಿ ಮುಗಿಸುವವರೆಗೆ ಕಾಯುವರು. ಸಾವಿರ ಕೆಲಸ ಬಿಟ್ಟು ಬಂದಿದ್ದ ನಾವೂ ಕಾಯಬೇಕು. ನವಿಲಿಗೆ ಯಾರು ಹೇಳುವರು?

ಈ ಕೆಲಸ ಅವರ ಗಂಡನದು. ಮದುವೆಯಾಗಿ ಹತ್ತು ವರ್ಷಕ್ಕೆ ಗಂಡನ ಕೈ ನಡುಗಲು ಶುರುವಾಯಿತಂತೆ. ವಾಚು ರಿಪೇರಿ ಮಾಡುವವನ ಕೈ ನಡುಗಿದರೆ ಅಲ್ಲಿಗೆ ಮುಗಿಯಿತು. ಆದರೆ ಈ ಹೆಂಗಸು ಒಲೆಯ ಮುಂದಿನಿಂದ ಎದ್ದು ಬಂದು ಗಂಡನ ಪಕ್ಕ ಕೂತು ಚಿಮಟ ಹಿಡಿದರು. "ಮೂರು ವರ್ಷ ಅವರು ಬಾಯಿ, ನಾನು ಕೈ" ಎಂದು ಒಮ್ಮೆ ಹೇಳಿದ್ದರು. ಅವರು ಹೇಳಿದಂತೆ ಇವರು ಎತ್ತಿ ಇಡುವುದು. ಗಂಡ ಹೋದ ಮೇಲೆ ಬಾಯಿಯೂ ಇವರದೇ ಆಯಿತು. ಹೆಂಗಸಿಗೆ ಇಷ್ಟು ಸೂಕ್ಷ್ಮದ ಕೆಲಸ ಹೇಗೆ ಬಂತೆಂದು ಯಾರೋ ದೊಡ್ಡವರು ಬೆರಗು ತೋರಿಸಿದ್ದಕ್ಕೆ, "ತೆಳ್ಳಗ ರೊಟ್ಟಿ ಬಡಿಯೋ ಕೈಗೆ ಇದೇನ್ ದೊಡ್ಡದ್ರಿ? ನೀವು ಒಂದು ರೊಟ್ಟಿ ಬಡದು ತೋರಸ್ರಿ, ಆಮ್ಯಾಲ ವಾಚಿನ ಮಾತು" ಅಂದುಬಿಟ್ಟರು.

ನನಗೆ ಅವರ ಪರಿಚಯವಾದದ್ದು ನನ್ನ ದಡ್ಡತನದಿಂದ. ಅಕ್ಕಿಆಲೂರಿನಲ್ಲಿ ನಮ್ಮದೊಂದು ಅಕ್ಕಿ ಗಿರಣಿ, ನನ್ನ ಅಣ್ಣನದೂ ನನ್ನದೂ ಕೂಡಿ. ನನ್ನ ಮದುವೆಯ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ಕಾಲು ತಾಸು ಮುಂದೆ ಓಡಲು ಹತ್ತಿತು. ಹಾನಗಲ್ಲಿನಲ್ಲಿ ಇಬ್ಬರಿಗೆ ತೋರಿಸಿದೆ. ಇಬ್ಬರೂ ಬಿಚ್ಚಿ, ಎಣ್ಣೆ ಹಾಕಿ, ಮುಚ್ಚಿದರು. ವಾಚು ಇನ್ನೂ ಜೋರಾಗಿ ಓಡಿತು. ಅಕ್ಕಾರು ಕಿವಿಗೆ ಹಿಡಿದು ಕೇಳಿ, ಬಿಚ್ಚದೆಯೇ ಕೆಳಗಿಟ್ಟು ನನ್ನನ್ನು ನೋಡಿದರು.

"ಕೆಲಸ ಮಾಡೋವಾಗ ಇದನ್ನ ತಗದು ಎಲ್ಲಿ ಇಡ್ತೀರಿ?"

"ಗಿರಣ್ಯಾಗ, ಮೋಟರಿನ ಮ್ಯಾಲ."

"ಹಂಗಾರ ಮೋಟರಿನ ಹುಚ್ಚು ಇದಕ್ಕೂ ಹಿಡದೈತಿ. ವಾಚಿಗೇನೂ ಆಗಿಲ್ಲ. ನೀವು ಇಡೋ ಜಾಗ ಕೆಟ್ಟೈತಿ ಸಾವ್ಕಾರ್ರ."

ಮೋಟರಿನ ಅಯಸ್ಕಾಂತ ವಾಚಿಗೆ ಹತ್ತಿತ್ತು. ತಂತಿ ಸುತ್ತಿದ ಬಳೆಯಂಥ ಒಂದು ಸಾಧನದೊಳಗೆ ಅದನ್ನು ತೂರಿಸಿ ಮೆಲ್ಲಗೆ ಹೊರಗೆಳೆದರು. ಅಷ್ಟೇ ಕೆಲಸ. ಬಿಚ್ಚಿಲ್ಲವಾದ್ದರಿಂದ ಕೂಲಿ ಬೇಡವೆಂದರು. ಅಂದಿನಿಂದ ಬಂಕಾಪುರ ಹಾದು ಹೋಗುವಾಗ ಅವರ ಅಂಗಡಿಯಲ್ಲಿ ಐದು ನಿಮಿಷ ಕೂರದೆ ಹೋದರೆ ಏನೋ ಮರೆತು ಬಂದಂತಾಗುತ್ತಿತ್ತು.

ಅವರ ನಾಲಿಗೆ ಚುರುಕೆಂದು ಇಷ್ಟರಲ್ಲೇ ಗೊತ್ತಾಗಿರಬೇಕು. ಆದರೆ ಎಲ್ಲಿ ಸುಮ್ಮನಿರಬೇಕೆಂಬುದೂ ಅವರಿಗೆ ಗೊತ್ತಿತ್ತು. ಒಂದು ಸಲ ನಾನು ಕೂತಿದ್ದಾಗ ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರು ಬಂದರು. ದುಬೈಯಿಂದ ತರಿಸಿದ್ದೆಂದು ಕೈ ಮುಂದೆ ಚಾಚಿ ತೋರಿಸಿದರು. ಹೊಳೆಯುವ ವಾಚು, ಜಗತ್ತಿಗೆಲ್ಲ ಗೊತ್ತಿರುವ ಹೆಸರು. ಸ್ಟೂಲಿನ ಸುತ್ತ ನಾಲ್ಕು ಮಂದಿ ನೆರೆದರು. ಅಕ್ಕಾರು ಕಿವಿಗೆ ಹಿಡಿದು, ಎರಡೂ ಕೈಯಿಂದ ಮರಳಿ ಕೊಟ್ಟು, "ಇದನ್ನ ಬಿಚ್ಚೋವಷ್ಟು ದೊಡ್ಡ ಕೈ ನಂದಲ್ರಿ" ಅಂದರು. ವ್ಯಾಪಾರಿ ಖುಷಿಯಿಂದ ಹೊರಟುಹೋದರು. ನಾನು ಅದರ ಬೆಲೆ ಎಷ್ಟಿದ್ದೀತೆಂದು ಕೇಳಿದೆ.

"ಡುಪ್ಲಿಕೇಟ್ ಐತ್ರಿ. ಅವರಿಗೂ ಗೊತ್ತೈತಿ, ನನಗೂ ಗೊತ್ತೈತಿ. ಉಳದ ನಾಲ್ಕು ಮಂದಿಗೆ ಯಾಕ ಗೊತ್ತಾಗಬೇಕು?"

ಇನ್ನು ನನ್ನ ಮಗಳ ಮದುವೆಯ ಸುದ್ದಿಗೆ ಬರುತ್ತೇನೆ. ಅಕ್ಕಾರು ನಿಜಕ್ಕೂ ಎಂಥವರೆಂದು ನನಗೆ ತಿಳಿದದ್ದು ಆ ದಿನ.

ವರ ಹಿರೇಕೆರೂರು ಕಡೆಯವರು, ದನದ ಡಾಕ್ಟರು. ಒಳ್ಳೆಯ ಹುಡುಗ. ಅವರ ತಂದೆ, ಅಂದರೆ ನಮ್ಮ ಬೀಗರು, ಊರಿಗೆ ದೊಡ್ಡ ಜಮೀನುದಾರರು. ಚಿನ್ನದ ಬಣ್ಣದ ವಾಚು ಕಟ್ಟುವವರು. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುವ ರೂಢಿ ಅವರದು. ಮಾತುಕತೆಯ ದಿನ ನಾವು ಏನು ಕೊಡಬೇಕೆಂದು ಕೇಳಿದ್ದಕ್ಕೆ, "ನಮಗೇನೂ ಬ್ಯಾಡ್ರಿ. ನಿಮ್ಮ ಮನಿತನಕ್ಕ ತಕ್ಕಂಗ ಮಾಡ್ರಿ" ಅಂದರು. ನಮ್ಮ ಸೀಮೆಯಲ್ಲಿ ಇದಕ್ಕಿಂತ ತುಟ್ಟಿಯ ಮಾತು ಇನ್ನೊಂದಿಲ್ಲ. ಉಂಗುರ, ಬಟ್ಟೆಯ ಲೆಕ್ಕ ಎಲ್ಲರಿಗೂ ಗೊತ್ತು. ತೊಡಕು ಬಂದದ್ದು ವಾಚಿನದು. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮೊದಲು ಹೆಣ್ಣಿನ ತಂದೆ ಎಲ್ಲರೆದುರು ವರನ ಕೈಗೆ ವಾಚು ಕಟ್ಟಬೇಕು. ಮಂಟಪದಲ್ಲಿ ಕೂತವರ ಕಣ್ಣೆಲ್ಲ ಆಗ ಅಲ್ಲೇ ಇರುತ್ತದೆ.

ಅಣ್ಣ ನನ್ನನ್ನು ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಕರೆದೊಯ್ದ. ತಣ್ಣಗಿನ ಕೋಣೆ, ಕುಡಿಯಲು ಕಾಫಿ. ಬಿಳಿ ಕೈಗವಸು ತೊಟ್ಟ ಹುಡುಗಿ ವೆಲ್ವೆಟ್ ತಟ್ಟೆಯ ಮೇಲೆ ಒಂದು ವಾಚು ತಂದಿಟ್ಟಳು. ಹಪ್ಪಳದಷ್ಟು ತೆಳ್ಳಗೆ, ಹಾಲಿನಂಥ ಡಯಲ್, ಎರಡೇ ಮುಳ್ಳು. ಚೆಲುವಾಗಿತ್ತು, ಸುಳ್ಳು ಹೇಳಬಾರದು. ಬೆಲೆ ಕೇಳಿದ ಮೇಲೆ ಕಾಫಿ ಕಪ್ಪು ಕೆಳಗಿಟ್ಟೆ. ಆ ದುಡ್ಡಿಗೆ ಅಕ್ಕಿಆಲೂರಿನಲ್ಲಿ ಓಡುವ ಟ್ರ್ಯಾಕ್ಟರ್ ಸಿಗುತ್ತಿತ್ತು. ಆದರೆ ಅಣ್ಣ ತೀರ್ಮಾನ ಮಾಡಿಯಾಗಿತ್ತು. "ತಮ್ಮಾ, ಮಂದಿ ವಾಚು ನೋಡೂದಿಲ್ಲ, ಅದರ ಮ್ಯಾಲಿನ ಹೆಸರು ನೋಡ್ತಾರ" ಅಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಾಲ್ಕು ದಿನದ ದೊಡ್ಡಸ್ತಿಕೆಗೆ ಅಷ್ಟೊಂದು ಸುರಿಯುವುದು ಬೇಡವೆಂದು ಅವಳೇ ಅಂದಾಳು ಎಂಬ ಆಸೆ ನನಗಿತ್ತು. ಅವಳು ಕಾಳು ಹಸನು ಮಾಡುತ್ತ ಕೂತಿದ್ದಳು.

"ನೀವು ಕಮ್ಮೀದು ಕೊಟ್ರ ನಿಮಗ್ಯಾರೂ ಏನೂ ಅನ್ನೂದಿಲ್ಲ. ಆ ಮನ್ಯಾಗ ನಾಳೆ ಮಾತು ಕೇಳಾಕಿ ನನ್ನ ಮಗಳು."

ವಾಚಿನ ಪ್ರಶ್ನೆ ದುಡ್ಡಿನದಾಗಿದ್ದರೆ ಹೇಗಾದರೂ ಬಗೆಹರಿಸುತ್ತಿದ್ದೆ. ಮಗಳು ಹೋಗಿ ಸೇರುವ ಮನೆಯಲ್ಲಿ ಅವಳಿಗೆ ಸಿಗುವ ಮರ್ಯಾದೆಯ ಪ್ರಶ್ನೆ ಅದು ಎಂದು ಆವತ್ತು ಅರ್ಥವಾಯಿತು. ಮಾರನೆಯ ದಿನ ಬಂಕಾಪುರಕ್ಕೆ ಹೋದೆ.

ಮೊಬೈಲಿನಲ್ಲಿದ್ದ ಫೋಟೋವನ್ನು ಅಕ್ಕಾರು ಬಹಳ ಹೊತ್ತು ನೋಡಿದರು. ನಗಲಿಲ್ಲ, ಮೂಗು ಮುರಿಯಲಿಲ್ಲ.

"ಇಂಥಾದ್ದು ಒಂದು ಸಲ ನನ್ನ ಕೈಗೆ ಬಂದಿತ್ರಿ. ಬೆನ್ನು ಬಿಚ್ಚಿ ನೋಡಿದೆ. ಯಾರ ಕಣ್ಣಿಗೂ ಬೀಳದ ಜಾಗದಾಗೂ ಗೀರು ಹಾಕಿ ಚಂದ ಮಾಡ್ಯಾರ. ನನ್ನ ಕಣ್ಣಾಗ ನೀರು ಬಂತು. ಮುಟ್ಟದ ಹಂಗ ಮುಚ್ಚಿ ಕೊಟ್ಟೆ. ಮಾಡಿದಾವನ ಕೈಗೆ ನಮಸ್ಕಾರ ಮಾಡಬೇಕು." ಆಮೇಲೆ ಕೇಳಿದರು, "ಅಳಿಯಂದು ಏನ್ ಕೆಲಸ ಅಂದ್ರಿ?"

"ದನದ ಡಾಕ್ಟರ್."

"ದನದ ನಾಡಿ ಎಲ್ಲಿ ನೋಡ್ತಾರ?"

"ಬಾಲದ ಬುಡಕ್ಕ."

ಅಕ್ಕಾರು ಭೂತಗನ್ನಡಿ ತೆಗೆದಿಟ್ಟು ಮನಸಾರೆ ನಕ್ಕರು. "ಸಾವ್ಕಾರ್ರ, ಇದಕ್ಕ ಸೆಕೆಂಡ್ ಮುಳ್ಳು ಎಲ್ಲೈತಿ? ಇದನ್ನ ಕಟ್ಟಿಕೊಂಡು ಎಮ್ಮಿ ಬಾಲ ಹಿಡದು ನಿಮ್ಮ ಅಳಿಯ ಏನ್ ಎಣಸಬೇಕು?"

ಹುಬ್ಬಳ್ಳಿಯ ಆ ಕೋಣೆಯಲ್ಲಿ ಮೂವರೂ ವಾಚಿನ ಬಗ್ಗೆ ಒಂದು ತಾಸು ಮಾತಾಡಿದ್ದೆವು. ಅದನ್ನು ಕಟ್ಟುವವನು ಏನು ಮಾಡುತ್ತಾನೆಂದು ಒಬ್ಬರೂ ಕೇಳಿರಲಿಲ್ಲ.

ಅಕ್ಕಾರು ಡ್ರಾಯರಿನಿಂದ ಇನ್ನೊಂದು ವಾಚು ತೆಗೆದರು. ಗಿರಾಕಿಯೊಬ್ಬರು ಬೆಲ್ಟು ಬದಲಿಸಲು ಬಿಟ್ಟುಹೋದದ್ದು. ಅದರ ಮೇಲಿನ ಹೆಸರು ನಾನು ಕೇಳಿಯೇ ಇರಲಿಲ್ಲ. ಪುಣೆಯ ಕಡೆ ಇಬ್ಬರು ಹುಡುಗರು ಸೇರಿ ಮಾಡುತ್ತಾರಂತೆ. ಅಂಗಡಿ ಇಲ್ಲ, ಜಾಹೀರಾತು ಇಲ್ಲ. ಫೋನಿನಲ್ಲಿ ಹೇಳಿದರೆ ಪಾರ್ಸಲ್ ಬರುತ್ತದೆ. ಕಡುನೀಲಿ ಡಯಲ್, ದಪ್ಪ ಅಂಕಿ, ಕೆಂಪು ಸೆಕೆಂಡ್ ಮುಳ್ಳು ಹೊಲದ ಆಚೆಯಿಂದಲೂ ಕಾಣುವ ಹಾಗಿತ್ತು. ಬೆಲೆ ಹುಬ್ಬಳ್ಳಿಯದರ ಹತ್ತಿರಕ್ಕೂ ಸುಳಿಯುವಂಥದ್ದಲ್ಲ.

"ಮೈ ಆ ಹುಡುಗುರದು, ಒಳಗಿನ ಯಂತ್ರ ಜಪಾನಿಂದು. ಬಿಚ್ಚಿ ನೋಡೇನಿ, ಮನಸಿಟ್ಟು ಮಾಡ್ಯಾರ. ಇದು ಕೆಟ್ರ ನನ್ನ ಕಡೆ ಬರ್ರಿ. ನಾ ಇಲ್ದಿದ್ರ ಹಾವೇರ್ಯಾಗ ಮತ್ತೊಬ್ಬರು ಬಿಚ್ಚತಾರ. ಅದು ಕೆಟ್ರ ಮುಂಬೈಗೆ ಕಳಸಬೇಕು, ಆರು ತಿಂಗಳು ಕೈ ಬರಿದು. ಅದು ಕೆಟ್ಟದ್ದು ಅಂತ ನಾ ಅನ್ನೂದಿಲ್ಲ. ನಿಮ್ಮ ಅಳಿಯಂದಲ್ಲ, ಅಷ್ಟ."

"ಬೀಗರು ಏನಾರ ಅಂದ್ರ?"

"ಲಗ್ನಕ್ಕ ನನ್ನನ್ನೂ ಕರೀರಿ. ಅವರು ಏನಾರ ಅಂದ್ರ ನಾ ಅಲ್ಲೇ ಇರ್ತೇನಲ್ಲ."

ಆ ಧೈರ್ಯ ಕೇಳಿ ನನಗೂ ಧೈರ್ಯ ಬಂತು. ಆ ನೀಲಿ ವಾಚನ್ನೇ ತರಿಸಿದೆ. ಅಣ್ಣ ಎರಡು ದಿನ ನನ್ನೊಡನೆ ಮಾತು ಬಿಟ್ಟ. ಹೆಂಡತಿ ಬಿಡಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಮದುವೆಗೆ ಐದು ದಿನ ಇರುವಾಗ ಮನೆಯಲ್ಲಿ ತಾಳಿ, ಉಂಗುರ, ಬಟ್ಟೆಯನ್ನೆಲ್ಲ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡುವುದು ನಮ್ಮ ಪದ್ಧತಿ. ಹೆಂಡತಿ ವಾಚಿನ ಡಬ್ಬಿಯನ್ನೂ ಇಟ್ಟು, ಅರಿಷಿಣ ಕುಂಕುಮ ಏರಿಸಿ, ಮೇಲೊಂದು ಮಲ್ಲಿಗೆ ಇಟ್ಟಳು. ದಿನಾ ಎರಡು ಹೊತ್ತು ಅದಕ್ಕೂ ಊದಿನಕಡ್ಡಿ. ಎಲ್ಲ ಸರಿಯಾಗೇ ಇತ್ತು.

ಮದುವೆಯ ದಿನ ಅಕ್ಕಿಆಲೂರಿನ ಕಲ್ಯಾಣ ಮಂಟಪ ತುಂಬಿತ್ತು. ಲಗ್ನ ಮಾಡಿಸುವ ಐನೋರು ಸನ್ನೆ ಮಾಡಿದರು. ನಾನು ಡಬ್ಬಿ ತೆರೆದು ವಾಚು ಎತ್ತಿದೆ. ಹನ್ನೊಂದು ಗಂಟೆಯ ಹೊತ್ತಿನಲ್ಲಿ ಅದು ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಕೆಂಪು ಸೆಕೆಂಡ್ ಮುಳ್ಳು ಅಲ್ಲಾಡದೆ ನಿಂತಿತ್ತು. ಎಷ್ಟು ದೂರದಿಂದ ಬೇಕಾದರೂ ಕಾಣುವ ಮುಳ್ಳು ಅದು. ನಿಂತದ್ದೂ ಅಷ್ಟೇ ದೂರಕ್ಕೆ ಕಂಡಿತು.

ಬೀಗರು ಬಗ್ಗಿ ನೋಡಿದರು. "ಇದು ನಿಂತೈತಲ್ರೀ!" ಅಂದರು. ಅವರ ಧ್ವನಿ ಸಣ್ಣದಲ್ಲ. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ನಿಂತ ವಾಚು ವರನ ಕೈಗೆ! ಅಪಶಕುನವೆಂಬ ಮಾತು ನನ್ನ ಕಿವಿಗೂ ಬಿತ್ತು. ಅಣ್ಣ ನನ್ನನ್ನು ನೋಡಿದ ನೋಟದಲ್ಲಿ ಹುಬ್ಬಳ್ಳಿಯ ಅಂಗಡಿ ಪೂರ್ತಿ ಇತ್ತು. ಮಗಳು ತಲೆ ತಗ್ಗಿಸಿದಳು. ಅವಳ ಬಾಸಿಂಗ ನಡುಗಿದ್ದನ್ನು ನಾನು ಕಂಡೆ. ನನ್ನ ಹಟಕ್ಕೆ ಅವಳು ಜನ್ಮವಿಡೀ ಮಾತು ಕೇಳಬೇಕಾಯಿತಲ್ಲ ಎಂದು ವಾಚು ಹಿಡಿದ ಕೈಯನ್ನು ಕೆಳಗಿಳಿಸಿದೆ.

ಮೂರನೇ ಸಾಲಿನಿಂದ ಅಕ್ಕಾರು ಎದ್ದು ಬಂದರು. ಗಂಡ ತೀರಿದ ಹೆಂಗಸರು ನಮ್ಮಲ್ಲಿ ಆ ಹೊತ್ತಿನಲ್ಲಿ ಮುಂದೆ ಬರುವುದಿಲ್ಲ. ಅವರಿಗೂ ಅದು ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಯಾರಾದರೂ ಏನಾದರೂ ಅನ್ನುವುದರೊಳಗೆ ಅವರು ಮೆಟ್ಟಿಲು ಹತ್ತಿ ನನ್ನ ಕೈಯಿಂದ ವಾಚು ತೆಗೆದುಕೊಂಡು ಕಿವಿಗೆ ಹಿಡಿದಾಗಿತ್ತು.

"ಎಷ್ಟು ದಿನಾತು ಡಬ್ಬ್ಯಾಗ ಇಟ್ಟು?"

"ಐದು ದಿನ. ದೇವರ ಮುಂದ."

ಅಕ್ಕಾರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಮಂಟಪಕ್ಕೆಲ್ಲ ಕೇಳುವಂತೆ ಹೇಳಿದರು. "ಇದಕ್ಕ ಸೆಲ್ ಇಲ್ರಿ. ಕಟ್ಟಿದಾವರ ಕೈ ಆಡಿದ್ರ ಇದು ನಡೀತೈತಿ. ಕೆಲಸ ಮಾಡಾವರ ವಾಚಿದು. ಕೈ ಇಲ್ದ ಮಲಗೇತಿ, ಅಷ್ಟ." ಹಾಗೆಂದು ನೇರ ಬೀಗರ ಕಡೆ ತಿರುಗಿದರು. "ಬೀಗರ, ನಿಮ್ಮ ವಾಚಿನಾಗ ಎಷ್ಟಾಗೇತಿ ಹೇಳ್ರಿ. ಖರೇ ಟೈಮು ನಿಮ್ಮ ಕಡೆ ಇರ್ತೈತಿ."

ಬೀಗರಿಗೆ ಇಂಥ ಪ್ರಶ್ನೆ ಬೇಕಾಗಿತ್ತು. ತೋಳು ಏರಿಸಿ, ಚಿನ್ನದ ವಾಚು ನಾಲ್ಕು ಮಂದಿಗೆ ಕಾಣುವ ಹಾಗೆ ಹಿಡಿದು, "ಹನ್ನೊಂದು ಹೊಡದು ಆರು ನಿಮಿಷ" ಅಂದರು. ಅಕ್ಕಾರು ಆ ಸಮಯಕ್ಕೇ ಮುಳ್ಳು ತಿರುಗಿಸಿದರು. "ಇನ್ನ ಇದು ನಿಮ್ಮ ಟೈಮಿನ ಮ್ಯಾಲ ನಡೀತೈತಿ" ಎಂದು ಅದನ್ನು ತಂದು ಕಟ್ಟಿದ್ದು ವರನ ಕೈಗಲ್ಲ, ನನ್ನ ಕೈಗೆ.

"ಐನೋರ, ಅಕ್ಕಿಕಾಳಿಗೆ ಎಷ್ಟು ಹೊತ್ತೈತಿ?"

"ಇಪ್ಪತ್ತು ನಿಮಿಷ ಐತಿ ತಾಯಿ."

"ಸಾವ್ಕಾರ್ರ, ಮಗಳ ಲಗ್ನದಾಗ ಕೈ ಕಟ್ಟಿ ನಿಂತ್ರ ಹೆಂಗ? ಹೋಗ್ರಿ, ಬೀಗರ ಮಂದಿಗೆ ನೀರು ಕೊಡ್ರಿ. ಕೈ ಜೋರು ಆಡಸ್ರಿ."

ನಾನು ತಂಬಿಗೆ ಹಿಡಿದೆ. ಮೊದಲ ಲೋಟ ಬೀಗರಿಗೆ. ಆಮೇಲೆ ಸಾಲು ಸಾಲಾಗಿ ಹಿರೇಕೆರೂರಿನ ಮಂದಿಗೆಲ್ಲ ಬಗ್ಗಿ ಬಗ್ಗಿ ನೀರು ಕೊಟ್ಟೆ. ಯಾರೋ "ಮಾವಾರ, ಇನ್ನಷ್ಟು ಆಡಸ್ರಿ!" ಅಂದರು. ಒಬ್ಬರು ನಕ್ಕರು, ಆಮೇಲೆ ಮಂಟಪವೇ ನಕ್ಕಿತು. ಒಳ್ಳೆಯ ನಗು ಅದು. ವೇದಿಕೆಗೆ ಮರಳಿ ಬಂದಾಗ ಕೆಂಪು ಮುಳ್ಳು ಟಕಟಕ ಓಡುತ್ತಿತ್ತು. ನನ್ನ ಕೈಯಿಂದ ಬಿಚ್ಚಿ ಅಳಿಯನ ಕೈಗೆ ಕಟ್ಟಿದೆ. ಬೆಲ್ಟು ಇನ್ನೂ ಬೆಚ್ಚಗಿತ್ತು. ಅಳಿಯ ತನ್ನ ಮಣಿಕಟ್ಟಿಗೆ ಬೆರಳಿಟ್ಟು, ಮುಳ್ಳು ನೋಡುತ್ತ ತನ್ನದೇ ನಾಡಿ ಎಣಿಸಿ, "ಜೋರು ಐತ್ರಿ ಮಾವಾರ" ಎಂದು ಮೆಲ್ಲಗೆ ಹೇಳಿದ. ಪಕ್ಕದಲ್ಲಿ ಮಗಳು ಬಾಸಿಂಗದ ಕೆಳಗೆ ನಗುತ್ತಿದ್ದಳು.

ಮುಂದಿನ ವಾರ ಕೈ ಮುಗಿಯಲು ಬಂಕಾಪುರಕ್ಕೆ ಹೋದರೆ ಅಕ್ಕಾರು ಸಿಟ್ಟಿನಲ್ಲಿದ್ದರು. ಸಿಟ್ಟು ತಮ್ಮ ಮೇಲೆಯೇ. "ನಂದ ತಪ್ಪು. ಇಷ್ಟು ವರ್ಷ ವಾಚು ಬಿಚ್ಚೇನಿ, ನೀವು ಅದನ್ನ ಒಯ್ದು ದೇವರ ಮುಂದ ಇಡ್ತೀರಿ ಅನ್ನೂದು ನನಗ ಹೊಳೀಲಿಲ್ಲ ನೋಡ್ರಿ" ಅಂದರು. ಅಂದಿನಿಂದ ಅವರ ಅಂಗಡಿಗೆ ಯಾರೇ ಮದುವೆಯ ವಾಚು ತಂದರೂ, ಅದು ಹತ್ತು ಊರಿಗೆ ಗೊತ್ತಿರುವ ದೊಡ್ಡ ಹೆಸರಿನದಿರಲಿ, ಯಾರೂ ಕೇಳದ ಹೆಸರಿನದಿರಲಿ, ಒಂದೇ ಮಾತು: "ದೇವರ ಮುಂದ ಇಡಬ್ಯಾಡ್ರಿ. ದೇವರಿಗೆ ಟೈಮು ಬೇಕಾಗಿಲ್ಲ. ಹೆಣ್ಣಿನ ಅಪ್ಪ ಮೂರು ದಿನ ಕಟ್ಟಿಕೊಂಡು ಓಡ್ಯಾಡ್ರಿ. ಆಮ್ಯಾಲ ಅಳಿಯಗ ಕಟ್ರಿ."

ಇದಾಗಿ ಏಳು ವರ್ಷ. ಅಳಿಯನ ವಾಚಿನ ಗಾಜಿನ ತುಂಬ ಗೀರು ಬಿದ್ದಿದೆ. ಒಂದು ಹೋರಿ ಒದ್ದ ಗುರುತೂ ಇದೆ. ನಡುವೆ ಎರಡು ಸಲ ಬಂಕಾಪುರಕ್ಕೆ ಬಂದು ಸ್ವಚ್ಛವಾಗಿ ಹೋಗಿದೆ. ಬೀಗರು ಬಂದವರೆದುರಿಗೆಲ್ಲ "ನಮ್ಮ ಟೈಮಿನ ಮ್ಯಾಲ ನಡೆಯೋ ವಾಚದು" ಎಂದು ಮಗನ ಕೈ ತೋರಿಸುತ್ತಾರೆ. ಮಗಳು ಆ ಮನೆಯಲ್ಲಿ ವಾಚಿನ ಸಲುವಾಗಿ ಒಂದು ಮಾತೂ ಕೇಳಿಲ್ಲ. ಬೇರೆ ಮಾತು ಕೇಳಿದ್ದಾಳೆ, ತಿರುಗಿಯೂ ಹೇಳಿದ್ದಾಳೆ, ಅದು ಸಂಸಾರ. ಅಕ್ಕಾರು ತೀರಿಕೊಂಡ ದಿನ ಹಿರೇಕೆರೂರಿನಿಂದ ಮೊದಲು ಬಂದು ತಲುಪಿದವರು ಬೀಗರೇ. ಮಣ್ಣು ಮಾಡಿ ಮುಗಿಯುವವರೆಗೆ ಅವರು ಒಮ್ಮೆಯೂ ಗಡಿಯಾರ ನೋಡಿಕೊಳ್ಳಲಿಲ್ಲ. ನಾನು ಅತ್ತೆ. ಅಂಥವರು ಇನ್ನೊಬ್ಬರು ಸಿಗುವುದಿಲ್ಲ ಎಂದು ಎಲ್ಲರ ಬಗ್ಗೆಯೂ ಹೇಳುತ್ತಾರೆ. ಇವರ ಬಗ್ಗೆ ಅದು ಖರೆ.

ಹೋದ ತಿಂಗಳು ಸವಣೂರಿನಲ್ಲಿ ಪರಿಚಯದವರ ಮದುವೆಗೆ ಹೋಗಿದ್ದೆ. ಅಕ್ಕಿಕಾಳಿಗೆ ಮುಂಚೆ ಹೆಣ್ಣಿನ ತಂದೆ ವೇದಿಕೆ ಹತ್ತಿದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ತಮ್ಮ ಮಣಿಕಟ್ಟಿನಿಂದ ಹೊಸ ವಾಚೊಂದನ್ನು ಬಿಚ್ಚಿ ವರನಿಗೆ ಕಟ್ಟಿದರು. ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಇದೇನು ಪದ್ಧತಿ ಎಂದು ಕೇಳಿದೆ.

"ನಿಮ್ಮ ಕಡೆ ಇಲ್ಲೇನ್ರಿ? ನಮ್ಮಲ್ಲಿ ಮೊದಲಿಂದಲೂ ಹಿಂಗ. ಹೆಣ್ಣಿನ ಅಪ್ಪ ಮೂರು ದಿನ ಕಟ್ಟಿಕೊಂಡ ವಾಚನ್ನ ಅಳಿಯಗ ಕಟ್ಟಬೇಕು. ದೇವರ ಮುಂದ ಇಡಬಾರದು."

"ಯಾಕ್ರಿ?"

"ಯಾಕ ಅಂದ್ರ..." ಎಂದು ಸ್ವಲ್ಪ ಯೋಚಿಸಿ, "ನಮ್ಮ ಹಿರ್ಯಾರು ಮಾಡಿಟ್ಟದ್ದು" ಅಂದರು.

ಊಟದ ಪಂಕ್ತಿಯಲ್ಲಿ ವರ ನನ್ನ ಎದುರಿಗೇ ಬಂದ. ವಾಚನ್ನು ಹತ್ತಿರದಿಂದ ನೋಡಿದೆ. ಸೆಲ್ ಹಾಕುವ ವಾಚು ಅದು. ಡಬ್ಬಿಯಲ್ಲಿ ಎರಡು ವರ್ಷ ಇಟ್ಟರೂ ನಡೆಯುವಂಥದ್ದು, ಯಾರ ಕೈಯೂ ಬೇಕಿರಲಿಲ್ಲ. ನಾನು ಖಾಲಿ ಲೋಟ ಮುಂದೆ ಸರಿಸಿದೆ. ನೀರಿನ ತಂಬಿಗೆ ಹಿಡಿದವರು ಪಂಕ್ತಿಯ ಆ ಕೊನೆಯಿಂದ ಬರುತ್ತಿದ್ದರು. ನೋಡಿದರೆ ಹೆಣ್ಣಿನ ತಂದೆಯೇ.